ಮೂಸ್ ಬೇಟೆ: ಹಂಚಿಕೆಗೆ ಮುನ್ನಿನ ಲೆಕ್ಕ

ಕೆನಡದ ಆಂಟೇರಿಯೋ ಪ್ರಾಂತದಲ್ಲಿ ಮೂಸ್ ಬೇಟೆಯ ಮಾತೆತ್ತಿದರೆ ಈಚೆಗೆ ಕಿವಿಗೆ ಬೀಳುವ ವಾದವೊಂದೇ: ಒಂದು ಮೂಸನ್ನು ಹೊಡೆಯಲು ಅನುಮತಿ ಕೊಡುವ ಟ್ಯಾಗು ಯಾರಿಗೆ ದೊರೆಯಿತು, ಯಾರಿಗೆ ತಪ್ಪಿತು. ಜಿಂಕೆಯ ಕುಲದಲ್ಲೆಲ್ಲ ದೊಡ್ಡದಾದ ಈ ಮೃಗ ಕಾಡಿನಲ್ಲಿ ಎಷ್ಟು ಉಳಿದಿದೆ, ಆ ಎಣಿಕೆ ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಹಂಚಿಕೆಯ ಗಣಿತವನ್ನೇ ಸಂರಕ್ಷಣಶಾಸ್ತ್ರವೆಂದು ಭ್ರಮಿಸುವ ಪ್ರವೃತ್ತಿಯೇ ಈ ಸಮೀಕ್ಷೆಗೆ ಪ್ರೇರಣೆ.

ಆದಿಯ ಕಥೆ ದೀರ್ಘವಲ್ಲ. ಅಂಕೆಯಿಲ್ಲದ ಬೇಟೆ, ಅದರ ಬೆನ್ನಿಗೆ ನಿಷೇಧ. 1935ರಲ್ಲಿ ಬೇಟೆಯನ್ನು ನಿಲ್ಲಿಸಿದ ಅಮೆರಿಕದ ಮೇಯ್ನ್ ರಾಜ್ಯ 1980ರಲ್ಲಿ 700 ಪರವಾನಗಿಗಳನ್ನು ಲಾಟರಿಯೆತ್ತಿ ಹಂಚಿತು. ಇದಕ್ಕೆ ವ್ಯತಿರಿಕ್ತವಾಗಿ, ಕೆನಡದ ನ್ಯೂಫೌಂಡ್‌ಲೆಂಡಿನಲ್ಲಿ 1878ರಲ್ಲಿ ಒಂದು ಜೋಡಿಯನ್ನೂ 1904ರಲ್ಲಿ ನಾಲ್ಕನ್ನೂ ತಂದು ಬಿಟ್ಟುದರ ಸಂತತಿ ಲಕ್ಷವನ್ನು ಮೀರಿತು.

ಶಾಸ್ತ್ರವೆಂದು ಕರೆಯಬಹುದಾದುದು ಆರಂಭವಾದುದು ಆಯ್ದ ಬೇಟೆಯ ವಿಚಾರದಿಂದ. ಮೊದಲ ಚಳಿಗಾಲವನ್ನೇ ದಾಟದ ಮರಿಗಳು ಹೇಗೂ ಬಹುಸಂಖ್ಯೆಯಲ್ಲಿರುವುದರಿಂದ, ಹೆರುವ ಹೆಣ್ಣನ್ನು ಉಳಿಸಿ ಬೇಟೆಯ ಭಾರವನ್ನು ಮರಿಗಳತ್ತ ಸರಿಸಬೇಕೆಂಬ ಈ ತತ್ತ್ವವನ್ನು ಸ್ವೀಡನ್ನಿನವರು ಆಚರಿಸಿ, 1982ರ ಒಂದೇ ವರ್ಷದಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಬೇಟೆಯನ್ನು ಕಂಡರು. ಆಂಟೇರಿಯೋ 1983ರಲ್ಲಿ ವಯಸ್ಕ ಗಂಡು ಹೆಣ್ಣುಗಳಿಗೆ ಮಾತ್ರ ಚೀಟಿಯೆತ್ತುವ ಟ್ಯಾಗನ್ನು ವಿಧಿಸಿ, ಮರಿಗಳನ್ನು ಪರವಾನಗಿಯುಳ್ಳವರಿಗೆಲ್ಲ ತೆರೆದಿರಿಸಿತು. ಮರಿಗಳನ್ನು ಹಿಡಿಯುವ ತೋಳಗಳು ಸ್ವೀಡನ್ನಿನಲ್ಲಿ ಇಲ್ಲವೆನ್ನುವಷ್ಟು ವಿರಳವಾಗಿದ್ದುವು, ಆಂಟೇರಿಯೋದಲ್ಲಿ ಹಾಗಿರಲಿಲ್ಲ ಎಂಬುದನ್ನು ಆಗ ಯಾರೂ ಸಾಕಷ್ಟು ಗಮನಿಸಲಿಲ್ಲ.

ಮೂಸ್‌ಗಳನ್ನು ಎಣಿಸುವ ನಮ್ಮ ತಲೆಮಾರು ಬೆಳೆದುದು ಹೆಲಿಕಾಪ್ಟರಿನ ಕಿಟಕಿಯಲ್ಲಿ. ಹೊಸ ಹಿಮ ಬಿದ್ದ ಮರುದಿನ, ಎರಡೂವರೆ ಕಿಲೋಮೀಟರು ಅಗಲ ಹತ್ತು ಕಿಲೋಮೀಟರು ಉದ್ದದ ತುಂಡುಗಳಲ್ಲಿ ಹೆಜ್ಜೆಯ ಜಾಡನ್ನು ಹಿಡಿದು ಸುತ್ತುತ್ತ, ಕೊಂಬುದುರಿದ ಗಂಡನ್ನು ಹೆಣ್ಣಿನಿಂದ ಬೇರ್ಪಡಿಸಲು ಬಾಲದಡಿಯ ಬಿಳಿಯ ಮಚ್ಚೆಯನ್ನು ಹುಡುಕುತ್ತ, ಸ್ಪ್ರೂಸ್ ಮರಗಳ ದಟ್ಟಣೆಯಲ್ಲಿ ಮರೆಯಾದುವೆಷ್ಟೆಂದು ಅಂದಾಜು ಮಾಡುತ್ತ ಕಳೆದ ಆ ಕಾಲದ ಪರಿಶ್ರಮವೇ, ಎಷ್ಟನ್ನು ಹೊಡೆಯಬಹುದೆಂದು ಗೊತ್ತುಪಡಿಸುವ ಕೋಟಾ ಎಂಬುದರ ನಿಜವಾದ ಅಡಿಪಾಯ. ಟ್ಯಾಗಿನ ಸಂಖ್ಯೆ ಅದರಿಂದ ಹೊರಟುದೇ ಹೊರತು ಯಾವ ಕಚೇರಿಯ ಔದಾರ್ಯದಿಂದಲೂ ಅಲ್ಲ.

2021ರಲ್ಲಿ ಆಂಟೇರಿಯೋದಲ್ಲಿ ಚೀಟಿಯ ಜಾಗಕ್ಕೆ ಅಂಕಗಳು ಬಂದುವು: ಟ್ಯಾಗು ದೊರೆಯದ ವರ್ಷಕ್ಕೊಂದು ಅಂಕ, ಮರಿಗೂ ಟ್ಯಾಗು. ಕಾದವನಿಗೆ ಮುಂದಿನ ಸಾಲು ದೊರೆಯುವುದು ನ್ಯಾಯವೇ ಸರಿ. ಆದರೆ ಒಬ್ಬನ ಟ್ಯಾಗಿನ ಆಶ್ರಯದಲ್ಲಿ ತಂಡವೇ ಬೇಟೆಯಾಡುವ ನಾಡಿನಲ್ಲಿ ನ್ಯಾಯವನ್ನು ವ್ಯಕ್ತಿಗೆ ಅಳೆಯುವುದು ವಿಚಿತ್ರ. ಮರಿಗೂ ಟ್ಯಾಗು ವಿಧಿಸಿದುದರ ಫಲವೇ ಅಂಕಗಳಿಗಿಂತ ದೊಡ್ಡದೆಂದು ನನ್ನ ಎಣಿಕೆ, ಅದನ್ನು ಹೊಗಳಿದವರು ಕಡಮೆ.

ಈ ಸಾಲಿಗೆ ಸೇರದವರ ವಿಷಯ ಬೇರೆ. ಕೆನಡದ ಸರ್ವೋಚ್ಚ ನ್ಯಾಯಾಲಯದ 1990ರ ಸ್ಪ್ಯಾರೋ ತೀರ್ಪು ಸಂರಕ್ಷಣೆಯ ನಂತರದ ಮೊದಲ ಸ್ಥಾನವನ್ನು ಮೂಲನಿವಾಸಿಗಳ ಆಹಾರಕ್ಕೆ ಕೊಟ್ಟಿತು. 1993ರಲ್ಲಿ ಸೂ ಸೇಂಟ್ ಮರೀ ಬಳಿ ಮೂಸನ್ನು ಹೊಡೆದ ಪೌಲಿ ತಂದೆ-ಮಗನ ಮೊಕದ್ದಮೆಯಲ್ಲಿ 2003ರಲ್ಲಿ ಅದೇ ನ್ಯಾಯಾಲಯ ಅಲ್ಲಿನ ಮೇಟಿ (ಮೂಲನಿವಾಸಿ–ಯೂರೋಪಿಯನ್ ಮಿಶ್ರ ಮೂಲದ) ಸಮುದಾಯದ ಹಕ್ಕನ್ನೂ ಎತ್ತಿಹಿಡಿಯಿತು. ಹಂಚಿಕೆಯ ಬಹುಪಾಲು ಬರಹಗಳಲ್ಲಿ ಈ ಎರಡೂ ಅಡಿಟಿಪ್ಪಣಿಗಳಾಗಿವೆ. ಹಕ್ಕಿಗಷ್ಟೇ ಅಲ್ಲ, ಎಣಿಕೆಗೂ ಈ ಜನ ಬೇಕು: ಬೇಟೆಯ ನಿರ್ವಹಣೆಗೆಂದು ವಿಂಗಡಿಸಿದ ಒಂದೊಂದು ಘಟಕದ ಮೇಲೆ ಕೆಲವು ವರ್ಷಗಳಿಗೊಮ್ಮೆ ಮಾತ್ರ ಗಣತಿಯ ಹಾರಾಟ ನಡೆಯುತ್ತದೆ. ಆ ನಡುವಣ ಚಳಿಗಾಲಗಳಲ್ಲಿ ಮರಿಯಿಲ್ಲದೆ ಓಡಾಡುವ ಹೆಣ್ಣುಗಳನ್ನೂ, ಉಣ್ಣಿಗಳ ಕಾಟಕ್ಕೆ ಮೈಯನ್ನು ಉಜ್ಜಿ ಕೂದಲುದುರಿಸಿಕೊಂಡ ಮೂಸ್‌ಗಳನ್ನೂ ಕಾಣುವವರು ಬೋನುಗಳನ್ನು ಒಡ್ಡಿದ ಜಾಡಿನಲ್ಲಿ ನಡೆವ ಈ ಜನರೇ ಆದುದರಿಂದ, ಮುಂದಿನ ಕೋಟಾ ನಿಗದಿಯಾಗುವುದಕ್ಕೆ ಮುನ್ನ ಗಣತಿಯ ನಕ್ಷೆಯನ್ನು ಅವರ ಮುಂದೆ ಹರಡಿ ಕುಳಿತುಕೊಳ್ಳುವುದು ಯುಕ್ತ.