ಪರವಾನಗಿಯಿಲ್ಲದ ಮಹಡಿ: ಪಶ್ಚಿಮ ಬೆಂಗಳೂರಿನ ಮನೆಗಳ ಚರಿತ್ರೆಯಿಂದ ಒಂದು ಅಧ್ಯಾಯ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಟ್ಟಿದ ಮನೆಯನ್ನು ಕೊಂಡು ನೋಡೆಂದು ಅವರು ಹೇಳದೆ ಹೋದುದಕ್ಕೆ, ಆ ಕಾಲದಲ್ಲಿ ಆ ಕಾರ್ಯವು ಇಂದಿನಷ್ಟು ತೊಡಕಿನದಾಗಿರಲಿಲ್ಲವೆಂಬುದೇ ಕಾರಣವಾಗಿರಬೇಕು. ಈಚೆಗೆ ನಮ್ಮ ಮಿತ್ರರೊಬ್ಬರು, ಮೂವತ್ತು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತರಾದವರು, ರಾಜಾಜಿನಗರದಲ್ಲಿ ಒಂದು ಮನೆಯನ್ನು ಕೊಳ್ಳಲು ಹೊರಟು ನಮ್ಮನ್ನೂ ಜೊತೆಗೆ ಕರೆದೊಯ್ದರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ನೆಲದ ಮನೆ, ಅದರ ಮೇಲೆ ಎರಡು ಮಹಡಿ, ಎಲ್ಲಕ್ಕೂ ಮೇಲೆ ತಗಡು ಹೊದೆಸಿದ ಒಂದು ಕೊಠಡಿ. ಮಾರುವವರು ಕ್ರಯಪತ್ರ, ಖಾತೆ, ಋಣಭಾರ ಪತ್ರ, ಕಂದಾಯದ ರಸೀದಿಗಳು, ಇವೆಲ್ಲವನ್ನೂ ಅಚ್ಚುಕಟ್ಟಾಗಿ ತಂದು ಮುಂದಿಟ್ಟರು. ಮಂಜೂರಾದ ನಕ್ಷೆಯನ್ನು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಮೌನವಾಯಿತು. ಕಡೆಗೆ ಬೀರುವಿನ ತಳದಿಂದ ಹೊರಬಂದ ನಕ್ಷೆಯಲ್ಲಿ ನೆಲದ ಮನೆಯೂ ಒಂದೇ ಒಂದು ಮಹಡಿಯೂ ಇದ್ದವು. “ಇಷ್ಟು ವರ್ಷ ಕಂದಾಯ ಕಟ್ಟಿದ್ದೇವೆ ಸ್ವಾಮಿ. ಸರ್ಕಾರವೇ ಹಣ ತೆಗೆದುಕೊಂಡ ಮೇಲೆ ಇನ್ನೇನು ಅಡ್ಡಿ?” ಎಂದು ಮನೆಯವರು ಕೇಳಿದರು.

ಈ ಪ್ರಶ್ನೆಯು ನ್ಯಾಯವಾದುದೆಂದೇ ಮೊದಲ ನೋಟಕ್ಕೆ ತೋರುವುದು. ಆದರೆ ಕಂದಾಯ ಬೇರೆ, ಪರವಾನಗಿ ಬೇರೆ. ಈ ಎರಡೂ ಒಂದೇ ಎಂಬ ಭ್ರಾಂತಿಯು ನಮ್ಮ ಊರಿನಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮನೆಯ ಸುತ್ತ ಬಯಲು ಬಿಡಬೇಕೆಂಬ ನಿಯಮವು ಅಧಿಕಾರಿಗಳ ಹಟದಿಂದ ಹುಟ್ಟಿದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಗಾಳಿ ಬೆಳಕುಗಳಿಲ್ಲದೆ ಒಂದಕ್ಕೊಂದು ಆತುಕೊಂಡಿದ್ದ ಪೇಟೆಯ ಮನೆಗಳಲ್ಲಿ ಜನರು ಪಟ್ಟ ಪಾಡನ್ನು ಕಂಡ ಮೇಲೆ, ವಿಶಾಲವಾದ ಬಡಾವಣೆಗಳ ಆವಶ್ಯಕತೆಯು ಎಲ್ಲರಿಗೂ ಮನದಟ್ಟಾಯಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಕಾಲದಲ್ಲಿಯೇ. ನೇರವಾದ ಬೀದಿಗಳು, ಮನೆಗಳ ಹಿಂದೆ ನೈರ್ಮಲ್ಯದ ಓಣಿಗಳು, ಮನೆಮನೆಗೂ ನಡುವೆ ತೆರಪು, ಇವು ಆ ಬಡಾವಣೆಗಳ ಲಕ್ಷಣಗಳಾದುವು. ಇಂದು ನಾವು ಗೋಡೆಯನ್ನು ಸರಿಸಿ ನುಂಗುತ್ತಿರುವ ಮೂರಡಿ ಜಾಗವು ಒಂದು ಮಹಾಮಾರಿಯು ಕಲಿಸಿದ ಪಾಠವೆಂಬುದನ್ನು ಮರೆಯಲಾಗದು.

ಪಶ್ಚಿಮದ ಬಡಾವಣೆಗಳು ಇದಕ್ಕಿಂತ ಈಚಿನವು. 1945ರ ಶಾಸನದಿಂದ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಸ್ಥಾಪಿತವಾಯಿತು. 1949ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ರಾಜಾಜಿನಗರವು, ಕೈಗಾರಿಕೆಗಳಿಗೂ ಅಲ್ಲಿ ದುಡಿಯುವವರ ವಸತಿಗೂ ಒದಗುವ ಉಪನಗರವಾಗಿ ಆರಂಭವಾಯಿತು. ಪೇಟೆ, ದಂಡುಗಳ ಎರಡು ಮುನಿಸಿಪಾಲಿಟಿಗಳು ಕೂಡಿ ಕಾರ್ಪೊರೇಷನ್ ಆದುದೂ ಆ ವರ್ಷವೇ. ತರುವಾಯದ ದಶಕಗಳಲ್ಲಿ ಹೊಸಹಳ್ಳಿಯ ಸುತ್ತ ವಿಜಯನಗರವೂ, ಸಾಣೆಗುರುವನಹಳ್ಳಿಯ ಆಸುಪಾಸಿನಲ್ಲಿ ಬಸವೇಶ್ವರನಗರವೂ ಹಬ್ಬಿದುವು. 1976ರಲ್ಲಿ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು.

ಈ ನಿವೇಶನಗಳ ಲೆಕ್ಕವೆಲ್ಲ ಒಂದು ನಿವೇಶನಕ್ಕೆ ಒಂದು ಸಂಸಾರವೆಂಬುದಾಗಿತ್ತು. ಆದರೆ ನಗರದ ಜನಸಂಖ್ಯೆಯು ಆ ಲೆಕ್ಕವನ್ನು ಕಾಯಲಿಲ್ಲ. 1941ರಲ್ಲಿ ಸುಮಾರು 4 ಲಕ್ಷವಿದ್ದುದು 1951ರ ವೇಳೆಗೆ 7 ಲಕ್ಷ 75 ಸಾವಿರವನ್ನು ಮೀರಿತು. 2011ರಲ್ಲಿ 84 ಲಕ್ಷವಾಯಿತು. ತಂದೆ ಕಟ್ಟಿಸಿದ ಮನೆಯಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ ನಡೆಯಬೇಕಾದಾಗ ಮೊದಲ ಮಹಡಿ ಎದ್ದಿತು. ಮಗಳ ಮದುವೆಯ ಸಾಲ ತೀರಿಸಲು ಬಾಡಿಗೆ ಬೇಕಾದಾಗ ಎರಡನೆಯದು ಎದ್ದಿತು. ಗಾರೆಯವನು ಮನೆಯ ಬಳಿಯೇ ಸಿಕ್ಕುವನು. ನಕ್ಷೆ ಬರೆಯಿಸಿ ಕಚೇರಿಗೆ ಅಲೆಯುವುದಾದರೋ ತಿಂಗಳುಗಳ ಕೆಲಸ. ಹೀಗೆ ಮನೆಯು ಮೇಲಕ್ಕೆ ಬೆಳೆಯಿತು. ಕಾಗದವು ನೆಲದಲ್ಲಿಯೇ ಉಳಿಯಿತು.

ಕೆಂಗೇರಿಯ ಕಡೆಯ ಕಥೆ ಇನ್ನೊಂದು ಬಗೆಯದು. ಅಲ್ಲಿ ಪ್ರಾಧಿಕಾರದ ಉಪನಗರದ ಸುತ್ತಮುತ್ತ, ಹೊಲಗಳನ್ನು ತುಂಡು ಮಾಡಿ ಮಾರಿದ ‘ರೆವಿನ್ಯೂ ನಿವೇಶನ’ಗಳು ಹುಟ್ಟಿಕೊಂಡುವು. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ, ಬೇಸಾಯದ ಭೂಮಿಯನ್ನು ಅನ್ಯಕಾರ್ಯಕ್ಕೆ ಪರಿವರ್ತಿಸಲು ಅಪ್ಪಣೆ ಬೇಕು. ಅದನ್ನು ಪಡೆಯದೆಯೇ ಎಷ್ಟೋ ಬಡಾವಣೆಗಳು ಎದ್ದುವು. 2007ರಲ್ಲಿ ಕೆಂಗೇರಿ ಪುರಸಭೆಯೂ, ಏಳು ನಗರಸಭೆಗಳೂ, ನೂರಕ್ಕೂ ಹೆಚ್ಚು ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದಾಗ, ಈ ಮನೆಗಳೆಲ್ಲ ಒಮ್ಮೆಗೇ ನಗರದ ಮನೆಗಳಾದುವು.

ಇಲ್ಲಿಂದ ಮುಂದಿನದೇ ನಮ್ಮ ಪ್ರಶ್ನೆಯ ತಿರುಳು. 1976ರ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮದ 321ನೆಯ ಪ್ರಕರಣವು ನಿಯಮಬಾಹಿರ ಕಟ್ಟಡವನ್ನು ಕೆಡವಿಸುವ ಅಧಿಕಾರವನ್ನು ಕೊಟ್ಟಿತ್ತು. ಅದೇ ಅಧಿನಿಯಮಕ್ಕೆ ಬಂದ ತಿದ್ದುಪಡಿಯು ಅಂಥ ಕಟ್ಟಡದಿಂದ ತೆರಿಗೆಯನ್ನೂ ವಸೂಲು ಮಾಡಬಹುದೆಂದಿತು. ಆದರೆ ಆ ತೆರಿಗೆಯಿಂದ ಕಟ್ಟಡವು ಸಕ್ರಮವಾಗದೆಂದೂ, ಅದರ ಲೆಕ್ಕವನ್ನು ಬೇರೊಂದು ದಫ್ತರದಲ್ಲಿ ಇಡಬೇಕೆಂದೂ ವಿಧಿಸಿತು. ಜನರು ‘ಬಿ ಖಾತೆ’ಯೆಂದು ಕರೆಯುವುದು ಈ ದಫ್ತರವನ್ನೇ. ಅದು ಹಕ್ಕಿನ ಪತ್ರವಲ್ಲ, ವಸೂಲಿಯ ಲೆಕ್ಕ. ಒಂದು ಕೈ ಕೆಡವುವೆನೆಂದು ಎತ್ತಿರುವಾಗ ಇನ್ನೊಂದು ಕೈ ರಸೀದಿ ಬರೆಯುತ್ತಿದ್ದರೆ, ಸಾಮಾನ್ಯನು ರಸೀದಿಯನ್ನೇ ನಂಬಿದುದರಲ್ಲಿ ಆಶ್ಚರ್ಯವೇನು?

ಈ ತೊಡಕನ್ನು ಬಿಡಿಸಲೆಂದೇ ‘ಅಕ್ರಮ–ಸಕ್ರಮ’ ಯೋಜನೆಯು ಬಂದಿತು. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮಕ್ಕೆ ಸೇರಿಸಿದ ಪ್ರಕರಣದ ಪ್ರಕಾರ, ವಾಸದ ಮನೆಯಲ್ಲಿ ಉಲ್ಲಂಘನೆಯು ಶೇಕಡ 50ನ್ನು ಮೀರದಿದ್ದರೆ, ವಾಣಿಜ್ಯ ಕಟ್ಟಡದಲ್ಲಿ ಶೇಕಡ 25ನ್ನು ಮೀರದಿದ್ದರೆ, ದಂಡ ತೆತ್ತು ಸಕ್ರಮ ಮಾಡಿಸಿಕೊಳ್ಳಬಹುದಾಗಿತ್ತು. ಗಡುವಿನ ದಿನಾಂಕವು ಮುಂದೆ ಮುಂದೆ ಸರಿದು, ಕಡೆಗೆ 2013ರ ಅಕ್ಟೋಬರ್ 19ಕ್ಕೆ ಬಂದು ನಿಂತಿತು. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ನಾಳೆ ಸಕ್ರಮವಾದೀತೆಂಬ ಭರವಸೆಯಿಂದಲೇ ಎಷ್ಟೋ ಮನೆಗಳು ಕೈಯಿಂದ ಕೈಗೆ ಮಾರಾಟವಾದುವು.

ನಮ್ಮ ಮಿತ್ರರು ಕಂಡ ಮನೆಯನ್ನೇ ಈ ಅಳತೆಗೋಲಿಗೆ ಹಿಡಿಯೋಣ. ನಿವೇಶನ 1,200 ಚದರಡಿ. 2007ರ ಮಹಾಯೋಜನೆಯಂತೆ ಇಂಥ ಸಣ್ಣ ನಿವೇಶನಕ್ಕೆ ನೆಲವಿಸ್ತೀರ್ಣದ ಅನುಪಾತ 1.75, ಎಂದರೆ 2,100 ಚದರಡಿಯವರೆಗೆ ಕಟ್ಟಬಹುದು. ಅಲ್ಲಿ ಕಟ್ಟಿದ್ದುದು ಅಂತಸ್ತಿಗೆ ಸ್ಥೂಲವಾಗಿ 1,100ರಂತೆ 3,300. ಹೆಚ್ಚುವರಿಯು 1,200, ಶೇಕಡ 50ರ ಮಿತಿಯಾದರೋ 1,050. ಅಕ್ರಮ–ಸಕ್ರಮದ ಬಾಗಿಲು ತೆರೆದಿದ್ದರೂ ಆ ಮನೆಯು ಅದರೊಳಗೆ ನುಸುಳುವಂತಿರಲಿಲ್ಲ.

ಹಾಗಾದರೆ ಮಾರುವವರು ಮುಂದಿಟ್ಟ ಕಾಗದಗಳು ಸುಳ್ಳೆ? ಖಂಡಿತವಾಗಿಯೂ ಅಲ್ಲ. ಪ್ರತಿಯೊಂದು ಕಾಗದವೂ ತನಗೆ ತಿಳಿದುದನ್ನು ಮಾತ್ರ ಹೇಳುವುದು. ಕ್ರಯಪತ್ರವು ಯಾರಿಂದ ಯಾರಿಗೆ ಸ್ವತ್ತು ಬಂದಿತೆಂಬುದನ್ನು, ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು, ರಸೀದಿಯು ಹಣ ಸಂದುದನ್ನು ಹೇಳುತ್ತವೆ. ಮಹಡಿಯ ಮಾತನ್ನು ಆಡುವುದು ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ ಮಾತ್ರ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆನ್ನುವುದು. ಆದರೆ ಎರಡು ಮಹಡಿಯನ್ನು ಕಣ್ಣಾರೆ ಕಂಡು, ನಕ್ಷೆಯನ್ನು ಕೇಳದೆ ಹಣ ಕೊಟ್ಟವನು, ದೋಷವು ನನಗೆ ಕಾಣಲಿಲ್ಲವೆಂದು ಹೇಳುವುದು ಕಷ್ಟ.

ಇದರಲ್ಲಿ ನೆರೆಯವನ ಪಾಲೂ ಉಂಟು. ಉಡುಪಿಯಲ್ಲಿ ಕಲ್ಯಾಣಮಂಟಪವೊಂದನ್ನು ಸಿನಿಮಾ ಮಂದಿರವಾಗಿ ಮಾರ್ಪಡಿಸಲು ಪುರಸಭೆಯು ಕೊಟ್ಟ ಅನುಮತಿಯನ್ನು ಅಲ್ಲಿಯ ನಿವಾಸಿಯೊಬ್ಬರು ಪ್ರಶ್ನಿಸಿದಾಗ, 1974ರಲ್ಲಿ ಸುಪ್ರೀಂ ಕೋರ್ಟು ಅವರ ಪಕ್ಷವನ್ನು ಎತ್ತಿಹಿಡಿಯಿತು. ಅಕ್ರಮ ಕಟ್ಟಡವು ಸುತ್ತಲಿನವರ ಸ್ವತ್ತಿನ ಅನುಭೋಗಕ್ಕೆ ಕುಂದು ತರುವುದೆಂದು ಅದರ ಅಭಿಪ್ರಾಯ. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಮೀರತ್ತಿನ ವ್ಯಾಜ್ಯವೊಂದರಲ್ಲಿ, ಸ್ವಾಧೀನಪತ್ರವನ್ನು ಪರಿಶೀಲಿಸಿಯೇ ಬ್ಯಾಂಕುಗಳು ಸಾಲ ಕೊಡಬೇಕೆಂದೂ, ವಿದ್ಯುತ್ತು ನೀರುಗಳ ಸಂಪರ್ಕವೂ ಅದರ ಅನಂತರವೇ ಎಂದೂ ನಿರ್ದೇಶಿಸಿತು. 2025ರಲ್ಲಿ ರಾಜ್ಯ ಸರ್ಕಾರವು 1,200 ಚದರಡಿಯವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ಸ್ವಾಧೀನಪತ್ರದಿಂದ ವಿನಾಯಿತಿಯನ್ನು ನೀಡಿತಾದರೂ, ಅದು ನಕ್ಷೆಯಿಂದ ವಿನಾಯಿತಿಯಲ್ಲವೆಂಬುದನ್ನು ಗಮನಿಸಬೇಕು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಆಟವು ಇಷ್ಟು ದಿನ ನಡೆಯಿತು; ಇನ್ನು ಮುಂದೆ ಅದರ ನಷ್ಟವೆಲ್ಲ ಕಡೆಯಲ್ಲಿ ಕೊಂಡವನ ತಲೆಗೇ ಬರುವುದು.

ಇಷ್ಟೆಲ್ಲ ಹೇಳಿದ ಮೇಲೂ ಆ ಮನೆಯ ಎರಡನೆಯ ಮಹಡಿಯು ನಮ್ಮ ಕಣ್ಣಿನಿಂದ ಮರೆಯಾಗದು. ಅಲ್ಲಿ ಬಾಡಿಗೆಗಿದ್ದುದು ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ದಂಪತಿಗಳು. ಬಾಗಿಲಲ್ಲಿ ಅವರ ಹುಡುಗಿಯು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಕಾರ್ಮಿಕರ ವಸತಿಗೂ ಒದಗಲೆಂದು ಹುಟ್ಟಿದ ಊರಿನಲ್ಲಿ ಈಗ ಕಾರ್ಮಿಕರಿಗೆ ನೆಲೆ ಕೊಟ್ಟಿರುವುದು ನಕ್ಷೆಯಲ್ಲಿಲ್ಲದ ಆ ಮಹಡಿ. ಕಟ್ಟಿದವರನ್ನು ಕೇವಲ ಲೋಭಿಗಳೆನ್ನುವವರು, ಅವರ ಪಾಲಿಗೆ ಸಕ್ರಮವಾದ ಮನೆಗಳನ್ನು ಯಾರು ಎಷ್ಟು ಕಟ್ಟಿಕೊಟ್ಟರೆಂಬುದನ್ನೂ ಕೇಳಬೇಕು.

ನಮ್ಮ ಮಿತ್ರರು ಒಂದು ವಾರ ಯೋಚಿಸಿದರು. ಅವರ ಕೈಯಲ್ಲಿದ್ದುದು ಜೀವಮಾನದ ಗಳಿಕೆ. ಕಳೆದುಕೊಂಡರೆ ಮತ್ತೆ ಗಳಿಸುವ ವಯಸ್ಸಲ್ಲ. ನಕ್ಷೆಯಲ್ಲಿರುವಷ್ಟು ಮನೆಗೆ ಮಾತ್ರ ಬೆಲೆ ಕೊಡುವೆನೆಂದರು; ಮಾರುವವರು ಒಪ್ಪಲಿಲ್ಲ. ಬೇಸರವಿಲ್ಲದೆ ಇಬ್ಬರೂ ಕಾಫಿ ಕುಡಿದು ಬೀಳ್ಕೊಂಡರು. ಈಗ ಅವರು ಬೇರೆ ಮನೆಯನ್ನು ಹುಡುಕುತ್ತಿದ್ದಾರೆ. ಯಾವ ಮನೆಗೆ ಹೋದರೂ ದೇವರಮನೆಯ ದಿಕ್ಕನ್ನು ನೋಡುವ ಮೊದಲು ನಕ್ಷೆಯನ್ನು ಕೇಳುವರು. ಅಳತೆಯ ಟೇಪು ಅವರ ಕೈಚೀಲದಲ್ಲಿಯೇ ಇರುವುದು.