ಗಣಕಯಂತ್ರವನ್ನು ಎಬ್ಬಿಸುವ ತಂತ್ರಾಂಶ

ಗಣಕಯಂತ್ರದ ಗುಂಡಿ ಒತ್ತಿದ ಕ್ಷಣದಲ್ಲಿ ಅದರ ರ‍್ಯಾಮ್ ಬರಿದಾಗಿರುತ್ತದೆ. ಲಿನಕ್ಸ್ ಇನ್ನೂ ಡಿಸ್ಕಿನಲ್ಲೋ ಕಾರ್ಡಿನಲ್ಲೋ ಮಲಗಿರುತ್ತದೆ. ಅದನ್ನು ಎತ್ತಿ ತರಲು ಒಂದು ಪುಟ್ಟ ತಂತ್ರಾಂಶ ಮೊದಲೇ ಎಚ್ಚರವಾಗಿರಬೇಕು. ಇದೇ ಬೂಟ್ ಫರ್ಮ್‌ವೇರ್. ಇದು ಯಾರ ವಶದಲ್ಲಿದೆಯೋ ಯಂತ್ರ ಅವರ ಮಾತು ಕೇಳುತ್ತದೆ.

1981ರಲ್ಲಿ ಐಬಿಎಂ ತನ್ನ ಪಿಸಿಯ ಬಯಾಸ್ ಅನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಓದಬಹುದಿತ್ತು, ನಕಲು ಮಾಡುವಂತಿರಲಿಲ್ಲ! ಆದ್ದರಿಂದ ಕಾಂಪ್ಯಾಕ್ ಕಂಪನಿ ಅದನ್ನು ಕಣ್ಣಿನಿಂದಲೂ ಕಾಣದ ಎಂಜಿನಿಯರುಗಳಿಂದ ಹೊಸದಾಗಿ ಬರೆಸಿತು. ಆದರೆ ಅದೂ ಮುಚ್ಚಿದ ಪೆಟ್ಟಿಗೆಯೇ. ಎಲ್ಲರೂ ಓದಿ ತಿದ್ದಬಹುದಾದ ಲಿನಕ್ಸ್‌ಬಯಾಸ್ ಅನ್ನು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನಿಕ್ ಆರಂಭಿಸಿದ್ದು 1999ರಲ್ಲಿ. ಅದರ ಇಂದಿನ ಹೆಸರು ಕೋರ್‌ಬೂಟ್. ಪುಟ್ಟ ಫಲಕಗಳಿಗಾಗಿ ಜರ್ಮನಿಯ ವುಲ್ಫ್‌ಗ್ಯಾಂಗ್ ಡೆಂಕ್ ಬೆಳೆಸಿದ ಪಿಪಿಸಿಬೂಟ್ 2002ರಲ್ಲಿ ಯು-ಬೂಟ್ ಆಯಿತು.

ಇದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಕೂಡಿ ರೂಪಿಸಿದ ಈ ಅಂಗೈ ಗಣಕ 2001ರಲ್ಲಿ ಲಿನಕ್ಸ್‌ನೊಂದಿಗೆ ಹೊರಬಂತು. ಯಂತ್ರಾಂಶದ ವಿನ್ಯಾಸವನ್ನೂ ಇತರರು ಬಳಸಿ ತಿದ್ದಲು ಅವಕಾಶವಿರುವ ಪರವಾನಗಿಯಡಿ ನೀಡಿದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆ. ಅದರ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಎಚ್ಚರವಾದೊಡನೆ ಸೊನ್ನೆಯ ವಿಳಾಸದಿಂದ, ಅಂದರೆ ಹೊರಗಿನ ಮೆಮೊರಿ ಚಿಪ್ಪಿನಿಂದ, ಮೊದಲ ಆಜ್ಞೆಯನ್ನು ಓದುತ್ತಿತ್ತು. ಆ ಚಿಪ್ಪಿಗೆ ಬರೆದವರೇ ಯಂತ್ರದ ಒಡೆಯರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇದನ್ನು ತಯಾರಿಸಿತು. ಕರ್ನಾಟಕದ ಭೂದಾಖಲೆ ಕೆಲಸಕ್ಕೂ ಬಂತು. ಮಾರುಕಟ್ಟೆಯಲ್ಲಿ ಮಾತ್ರ ನಿಲ್ಲಲಿಲ್ಲ.

ಮುಂದೆ ಬಂದ ಅಗ್ಗದ ಫಲಕಗಳಲ್ಲಿ ಈ ಸ್ವಾತಂತ್ರ್ಯ ಸ್ವಲ್ಪ ಕುಗ್ಗಿತು. 2012ರ ರಾಸ್ಪ್‌ಬೆರಿ ಪೈನಲ್ಲಿ ಮೊದಲು ಏಳುವುದು ಚಿತ್ರಗಳನ್ನು ಮೂಡಿಸುವ ವಿಭಾಗ, ಅದೂ ಬ್ರಾಡ್‌ಕಾಮ್ ಕಂಪನಿಯ ಗುಟ್ಟಿನ ತಂತ್ರಾಂಶದಿಂದ. ಯು-ಬೂಟ್‌ಗೆ ಅಲ್ಲಿ ಸಿಗುವುದು ಹಿಂದಿನ ಸಾಲು. ಆಲ್‌ವಿನ್ನರ್ ಎಚ್3 ಚಿಪ್ ಇರುವ ಆರೆಂಜ್ ಪೈ ಪಿಸಿ ಹೆಚ್ಚು ಉದಾರಿ.

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಿಮ್ಮ ಕೋಣೆಯಲ್ಲೇ ಇದನ್ನು ಪರೀಕ್ಷಿಸಬಹುದು. ಫಲಕದ ಪ್ರೊಸೆಸರ್ ಬೇರೆ ಜಾತಿಯದು. ಆದ್ದರಿಂದ ನಿಮ್ಮ ಪಿಸಿಗೆ ಕ್ರಾಸ್ ಕಂಪೈಲರ್ ಬೇಕು. ಯು-ಬೂಟ್‌ನ ಮೂಲ ಬರಹದಲ್ಲಿ ನಿಮ್ಮ ಫಲಕದ ಸಂಯೋಜನೆಯನ್ನು ಆರಿಸಿ, ಕಂಪೈಲ್ ಮಾಡಿ. ಸಿಕ್ಕ ಕಡತವನ್ನು ಮೈಕ್ರೋ ಎಸ್‌ಡಿ ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ಬಿಟ್ಟು ಬರೆಯಬೇಕು. ಚಿಪ್ಪಿನೊಳಗಿನ ರಾಮ್ ಹುಡುಕುವುದು ಅಲ್ಲಿಯೇ. ಅದು ಮೊದಲಿಗೆ ಹೊರುವುದು ಕೇವಲ 32 ಕಿಲೋಬೈಟಿನ ತುಣುಕನ್ನು. ಆ ತುಣುಕು ದೊಡ್ಡ ರ‍್ಯಾಮ್ ಅನ್ನು ಎಬ್ಬಿಸಿ ಪೂರ್ಣ ಯು-ಬೂಟ್ ಅನ್ನು ತರುತ್ತದೆ. ಬರೆಯುವಾಗ ಡಿಸ್ಕಿನ ಹೆಸರನ್ನು ಎರಡು ಬಾರಿ ಓದಿ. ತಪ್ಪಿದರೆ ಅಳಿಯುವುದು ನಿಮ್ಮ ಪಿಸಿಯ ಮಾಹಿತಿ. ಸಂದೇಶಗಳನ್ನು ಕಾಣಲು 3.3 ವೋಲ್ಟಿನ ಸೀರಿಯಲ್ ತಂತಿ ಬೇಕು, ವೇಗ 115200. 5 ವೋಲ್ಟಿನದು ಚಿಪ್ಪನ್ನು ಸುಡಬಹುದು.

ಪರದೆಯಲ್ಲಿ ಏನೂ ಮೂಡದಿದ್ದರೆ ಗಾಬರಿ ಬೇಡ. ಚಿಪ್ಪಿನೊಳಗಿನ ಆ ರಾಮ್ ಅನ್ನು ಕಾರ್ಖಾನೆಯಲ್ಲೇ ಕೆತ್ತಿರುತ್ತಾರೆ, ನಾವು ತಿದ್ದಲಾರೆವು, ಕೆಡಿಸಲೂ ಆರೆವು. ಕಾರ್ಡು ತೆಗೆದು ಮತ್ತೆ ಬರೆದು ಹಾಕಿ. ಫಲಕ ಪುನಃ 8 ಕಿಲೋಬೈಟಿನ ಗುರುತಿನಲ್ಲೇ ಹುಡುಕತೊಡಗುತ್ತದೆ.