ರಾಜದಂತ ಮತ್ತು ಅಧಿದಂತ

ಮುಧೋಳವೆಂದೊಡನೆ ಓದುಗರ ಮನಸ್ಸು ರನ್ನನ ಊರಿನತ್ತ ಹರಿಯುವುದು ಸಹಜ. ನಾವು ಇಲ್ಲಿ ಉದ್ದೇಶಿಸಿರುವುದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮುಧೋಳವನ್ನು. ಅದರ ನೆರೆಯ ಮಳಖೇಡವನ್ನೂ. ವಿಷಯವಾದರೋ ಮೇಲ್ದವಡೆಯ ಮುಂಬಲ್ಲುಗಳ ಹುಟ್ಟಿನ ವಿಕಾರಗಳು.

ಮಗುವಿಗೆ ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಕೇಡೆಂಬ ನಂಬಿಕೆ ಕನ್ನಡನಾಡಿನ ಹಲವೆಡೆ ಉಂಟು. ಇದನ್ನು ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಾಗ್ಭಟನ ಅಷ್ಟಾಂಗಹೃದಯವೇ ಇಂಥ ಶಿಶುವಿನ ಜನನವನ್ನು ಉತ್ಪಾತವೆಂದು ಬಗೆದು, ಶಾಂತಿ ಮಾಡಿಸಿ, ಮಗುವನ್ನು ದಕ್ಷಿಣೆಸಹಿತ ಬ್ರಾಹ್ಮಣನಿಗೆ ದಾನವಿತ್ತು, ನೈಗಮೇಷನನ್ನು ಪೂಜಿಸಬೇಕೆಂದು ವಿಧಿಸುತ್ತದೆ. ಕಾಶ್ಯಪಸಂಹಿತೆಯು ಮೇಲ್ಸಾಲಿನ ನಡುವಣ ಎರಡು ಹಲ್ಲುಗಳನ್ನು ರಾಜದಂತಗಳೆಂದು ಕರೆದು, ಅವು ಮುರಿದವನು ಶ್ರಾದ್ಧಕ್ಕೆ ಅನರ್ಹನೆನ್ನುತ್ತದೆ. ಹಲ್ಲಿನ ಕುಂದು ಕುಲದ ಕುಂದೂ ಆಗಿದ್ದಿತು.

ಸುಶ್ರುತನ ದೃಷ್ಟಿಯೇ ಬೇರೆ. ವಾಯುದೋಷದಿಂದ ಹೆಚ್ಚಿನ ಹಲ್ಲೊಂದು ತೀವ್ರ ವೇದನೆಯೊಡನೆ ಮೂಡುವುದು, ಮೂಡಿದ ಮೇಲೆ ನೋವು ಶಮನವಾಗುವುದು. ಈ ವ್ಯಾಧಿಗೆ ಅವನಿತ್ತ ಹೆಸರು ವರ್ಧನ. ಚಿಕಿತ್ಸಾಸ್ಥಾನದಲ್ಲಿ, ಅಧಿಕದಂತವನ್ನು ಕಿತ್ತು ಆ ಸ್ಥಳವನ್ನು ಅಗ್ನಿಯಿಂದ ಸುಡಬೇಕೆಂದು ಹೇಳಿದ್ದಾನೆ. ಇಲ್ಲಿ ಶಕುನದ ಸುಳಿವೇ ಇಲ್ಲವೆಂಬುದು ಗಮನಾರ್ಹ. ವಿಕಟವಾಗಿ ಬೆಳೆದ ಹಲ್ಲುಗಳಿಗೆ ಮಾಧವನಿದಾನವು ‘ಕರಾಲ’ವೆಂದು ಹೆಸರಿಟ್ಟು, ಅಸಾಧ್ಯವೆಂದು ಕೈಬಿಟ್ಟಿದೆ.

ಮಳಖೇಡವೆಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯನು ನೃಪತುಂಗನ ಸಭೆಯಲ್ಲಿ, ವೈದ್ಯರ ಸಮಕ್ಷಮ, ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದನೆಂದು ಅವನ ಕಲ್ಯಾಣಕಾರಕದ ಅಂತ್ಯಭಾಗದಿಂದ ತಿಳಿದುಬರುತ್ತದೆ. ಅಂಥ ವಿದ್ವತ್ಸಭೆ ನೆರೆದಿದ್ದ ನೆಲದ ಜನರಿಗೂ ಸುಶ್ರುತನ ಇಕ್ಕುಳಕ್ಕಿಂತ ವಾಗ್ಭಟನ ಶಾಂತಿಯೇ ಹತ್ತಿರವಾಗಿ ಉಳಿಯಿತೆಂದು ನಮಗೆ ತೋರುತ್ತದೆ.

ಯುರೋಪಿನಲ್ಲಿ ಈ ವಿಕಾರಗಳ ವ್ಯವಸ್ಥಿತ ವರ್ಣನೆ ತಡವಾಗಿ ಬಂದಿತು. ಎರಡು ರಾಜದಂತಗಳ ನಡುವೆ, ಬಹುಧಾ ಶಂಕುವಿನ ಆಕಾರದಲ್ಲಿ, ಹುಟ್ಟುವ ಹೆಚ್ಚಿನ ಹಲ್ಲಿಗೆ ಬೋಲ್ಕ್ ಎಂಬ ಡಚ್ ವಿದ್ವಾಂಸನು 1917ರಲ್ಲಿ ‘ಮೀಸಿಯೊಡೆನ್ಸ್’ ಎಂದು ಹೆಸರಿತ್ತನು. ಇದು ಗಂಡುಮಕ್ಕಳಲ್ಲಿ ಹೆಚ್ಚು. ಮುಂಬಲ್ಲಿನ ಹಿಂಬದಿಯಲ್ಲಿ ಹಕ್ಕಿಯ ಉಗುರಿನಂತೆ ಚಾಚಿದ ಮೊನೆಯನ್ನು 1892ರಲ್ಲಿ ಮಿಚೆಲ್ ವರ್ಣಿಸಿದನು. ‘ಟ್ಯಾಲನ್ ಕಸ್ಪ್’ ಎಂಬ ಹೆಸರು ರೂಢಿಗೆ ಬಂದುದು 1970ರಲ್ಲಿ. 1895ರಲ್ಲಿ ಕ್ಷ-ಕಿರಣಗಳು ಪತ್ತೆಯಾದುದು ಎಲ್ಲಕ್ಕಿಂತ ದೊಡ್ಡ ತಿರುವು. ಸುಶ್ರುತನು ಕಿತ್ತುದು ಕಣ್ಣಿಗೆ ಕಂಡ ಹಲ್ಲನ್ನು. ಮೀಸಿಯೊಡೆನ್ಸ್ ಹಲವು ವೇಳೆ ಮೂಳೆಯೊಳಗೇ ಅಡಗಿ, ಶಾಶ್ವತ ರಾಜದಂತದ ದಾರಿಯನ್ನು ಕಟ್ಟಿಬಿಡುತ್ತದೆ.

ಮೊದಲು ಬಂದ ಮೇಲಿನ ಹಲ್ಲಿಗೆ ಚಿಕಿತ್ಸೆಯೇ ಬೇಕಿಲ್ಲ. ಅದಕ್ಕೇ ಮನೆಮಂದಿ ಗಾಬರಿಗೊಳ್ಳುವರು. ಒಂಬತ್ತು ವರ್ಷ ತುಂಬಿದರೂ ಬಾರದ ಮುಂಬಲ್ಲನ್ನು ‘ಬಂದೀತು’ ಎಂದು ಬಿಡುವರು. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದಾಗ ಸೇಡಂ ಸೀಮೆಗೆ ಅದು ಬಹುದೂರ. ಈಗ ಕಲಬುರಗಿಯಲ್ಲಿಯೇ ಅಂಥ ಕಾಲೇಜುಗಳಿವೆ. ಅಡ್ಡವಾದ ಹಲ್ಲನ್ನು ಸಕಾಲದಲ್ಲಿ ತೆಗೆದರೆ ರಾಜದಂತವು ಅನೇಕ ವೇಳೆ ತಾನಾಗಿಯೇ ಇಳಿಯುತ್ತದೆ. ಇಲ್ಲವಾದರೆ ತಂತಿ ಕಟ್ಟಿ ಎಳೆಯುವರು. ಉಗುರುಮೊನೆಯನ್ನು ಮಾತ್ರ ಒಮ್ಮೆಗೇ ಕತ್ತರಿಸುವಂತಿಲ್ಲ. ಅದರೊಳಗೆ ಹಲ್ಲಿನ ಜೀವತಿರುಳು ಹಬ್ಬಿರಬಹುದಾದುದರಿಂದ, ವಾರಗಳ ಅಂತರವಿಟ್ಟು ಸ್ವಲ್ಪಸ್ವಲ್ಪವೇ ಅರೆದು, ಪ್ರತಿಸಲವೂ ಫ್ಲೋರೈಡ್ ಲೇಪಿಸುವರು.